ಚಿಲಕಕ್ಕೆ ಸುತ್ತಿದ ತಂತಿ

ಅಂಗಡಿಗೆ ಕಳ್ಳ ನುಗ್ಗಿದರೆ ಸಾಮಾನು ಹೋಗುತ್ತದೆ. ಈ ದರ್ಜಿಯ ಅಂಗಡಿಯಲ್ಲಿ ಏನೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಶಟರ್ ಎಳೆದು, ಮಹಡಿಗೆ ಹೋಗಿ ಊಟ ಮುಗಿಸಿ, ಸ್ವಲ್ಪ ಅಡ್ಡಾಗಿ ಬರುವಷ್ಟರಲ್ಲಿ ಗಿರಾಕಿಗಳ ಬಟ್ಟೆ ಮೇಜಿನ ಮೇಲೆ ಕತ್ತರಿಸಿ ಬಿದ್ದಿರುತ್ತಿತ್ತು. ಕಂಡಕಂಡ ಹಾಗೆ ಕತ್ತರಿಸಿದ್ದಲ್ಲ. ಪುಟ್ಟ ತೋಳುಗಳು, ಪುಟ್ಟ ಬೆನ್ನು, ಬೆರಳಗಲದ ಕಾಲರು. ಯಾವುದೋ ಮಗುವಿನ ಅಂಗಿ. ಆ ಮನೆಯಲ್ಲಿ ಮಗುವೇ ಇರಲಿಲ್ಲ.

ದರ್ಜಿಗೆ ಮೊದಲು ಸಿಟ್ಟು ಬಂತು, ಆಮೇಲೆ ಮೈ ಜುಮ್ಮೆಂದಿತು. ಅವನ ಹೆಂಡತಿ ಮಧ್ಯಾಹ್ನದ ಹೊತ್ತು ಕೆಳಗಿಳಿಯುವುದನ್ನೇ ಬಿಟ್ಟಳು. ಹಿತ್ತಲಿನಾಚೆಯ ಕೋಣೆಯಲ್ಲಿ ದರ್ಜಿಯ ಅಪ್ಪ ಮಲಗಿರುತ್ತಿದ್ದರು. ಒಂದು ಕಾಲದಲ್ಲಿ ಅಂಗಡಿ ಅವರದೇ. ಈಗ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ, ಹಿಡಿದು ಎಬ್ಬಿಸದೆ ಏಳುತ್ತಿರಲಿಲ್ಲ. ಅವರನ್ನು ಕೇಳಿ ಪ್ರಯೋಜನವೇನು?

ಮದುವೆ ಸೂಟಿಗೆಂದು ಬಂದ ಬಟ್ಟೆಯೂ ಹಾಳಾದ ಮೇಲೆ ದರ್ಜಿ ತಾಳ್ಮೆ ಕಳೆದುಕೊಂಡ. ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತು ಹಿತ್ತಲ ಬಾಗಿಲಿನ ಕಬ್ಬಿಣದ ಚಿಲಕಕ್ಕೆ ಸುತ್ತಿದ. ಹಿತ್ತಲಿನ ಮೋಟು ಗೋಡೆ ಹಾರಿ ಬರುವವನು ಆ ಚಿಲಕವನ್ನೇ ಮುಟ್ಟಬೇಕು. ಇನ್ನೇನು ಪ್ಲಗ್ ಸಿಕ್ಕಿಸಬೇಕು, ಅಷ್ಟರಲ್ಲಿ ಅವನ ಅಕ್ಕ ಬಂದಳು. ಪಕ್ಕದ ಬೀದಿಯಲ್ಲಿ ಮನೆ, ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸ, ಬಾಯಿ ಸ್ವಲ್ಪ ಜೋರು.

"ಏನೋ ಇದು?"

"ಕಳ್ಳನಿಗೆ ಮರ್ಯಾದೆ. ನನ್ನ ಅಂಗಡಿ, ನನ್ನ ಬಾಗಿಲು. ಮುಟ್ಟಿ ಸತ್ರೆ ಅವನ ಹಣೆಬರಹ. ಆತ್ಮರಕ್ಷಣೆ ತಪ್ಪಲ್ಲ ಅಂತ ನಿನ್ನ ಕಾನೂನೇ ಹೇಳತ್ತಲ್ಲ?"

"ಹೇಳತ್ತೆ. ಅರ್ಧ ಕೇಳಿಸ್ಕೊಂಡು ಕುಣಿಬೇಡ. ಅಪಾಯ ಮೈಮೇಲೆ ಬಂದಾಗ, ತಪ್ಪಿಸ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟು ಬಲ ಹಾಕ್ಬಹುದು. ಇಲ್ಲಿ ಎಲ್ಲಿದೆಯಪ್ಪ ಅಪಾಯ? ನೀನು ಮಹಡೀಲಿ ಗೊರಕೆ ಹೊಡೀತಿರ್ತೀಯ!"

"ಸೂಟಿನ ಬಟ್ಟೆ ಹಾಳಾಯ್ತಲ್ಲ?"

"ಒಂದು ಸೂಟಿಗೆ ಒಂದು ಜೀವ ಅಂದ್ರೆ ಯಾವ ಜಡ್ಜೂ ಒಪ್ಪಲ್ಲ. ಬೀಗ ಹಾಕು. ಪೊಲೀಸರಿಗೆ ಹೇಳು."

"ಬೀಗ ಹಾಕಿದ್ದೆ ಅಕ್ಕ." ಅವನ ದನಿ ತಗ್ಗಿತು. "ಒಡೆದಿರ್ಲಿಲ್ಲ. ಯಾರೋ ಕೀಲಿ ಹಾಕಿ ತೆಗೆದಿದ್ರು."

ಅಕ್ಕ ಮೇಜಿನ ಮೇಲಿದ್ದ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳೂ ಹೊಲಿಗೆ ನೋಡುತ್ತಲೇ ಬೆಳೆದವಳು. "ಸೀಮೆಸುಣ್ಣದ ಗೀಟೇ ಇಲ್ವಲ್ಲೋ, ಪಳಗಿದ ಕೈ. ಅಂಚಿಗೆ ಬಟ್ಟೆ ಬೇರೆ ಜಾಸ್ತಿ ಬಿಟ್ಟಿದಾರೆ, ಬೆಳೆಯೋ ಮಗುವಿಗೆ ಬಿಡೋ ಹಾಗೆ." ತುಂಡನ್ನು ಮೆಲ್ಲಗೆ ಕೆಳಗಿಟ್ಟು ಹಿತ್ತಲಿನತ್ತ ನೋಡಿದಳು. "ವೈರಿಗೆ ಕಣ್ಣಿಲ್ಲ ಕಣೋ. ಬಂದವರು ಯಾರು ಅಂತ ಅದು ಕೇಳಲ್ಲ. ಇವತ್ತೊಂದಿನ ಪ್ಲಗ್ ನನ್ನ ಕೈಗೆ ಕೊಡು. ಕೂತು ನೋಡೋಣ."

ಗೊಣಗುತ್ತಲೇ ಕೊಟ್ಟ. ಶಟರ್ ಎಳೆದು, ತೂಗುಹಾಕಿದ್ದ ಕೋಟುಗಳ ಹಿಂದೆ ಇಬ್ಬರೂ ಕೂತರು. ಹೊರಗೆ ಬಿಸಿಲು ಸುರಿಯುತ್ತಿತ್ತು. ಒಳಗೆ ಶಟರಿನ ಸಂದಿಯಿಂದ ಒಂದು ಎಳೆ ಬೆಳಕು, ಅಷ್ಟೇ. ಗಾಳಿಯಿಲ್ಲದಿದ್ದರೂ ಖಾಲಿ ತೋಳುಗಳು ಅಲುಗಿದಂತೆ ದರ್ಜಿಗೆ ಅನ್ನಿಸಿತು.

ಬೀಗದಲ್ಲಿ ಕೀಲಿ ತಿರುಗಿತು. ವೈರು ಸುತ್ತಿದ ಚಿಲಕ ಮೆಲ್ಲಗೆ ಮೇಲೆದ್ದಿತು.

ಒಳಗೆ ಬಂದವರು ಅಪ್ಪ. ಊರುಗೋಲಿಲ್ಲ, ಬಾಗಿದ ಬೆನ್ನಿಲ್ಲ. ಕಣ್ಣು ತೆರೆದಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಹಳೆಯ ಕೀಲಿಯನ್ನು ಜೇಬಿಗಿಳಿಸಿ, ದೊಡ್ಡ ಕತ್ತರಿ ಎತ್ತಿಕೊಂಡರು. ತುತ್ತು ಎತ್ತುವಾಗ ನಡುಗುವ ಆ ಕೈ ಬಟ್ಟೆಯ ಮೇಲೆ ಸರಾಗವಾಗಿ ಹರಿಯಿತು.

"ಕೈ ಎತ್ತು ಪುಟ್ಟಾ," ಎಂದರು ಖಾಲಿ ಜಾಗಕ್ಕೆ. "ಅಲ್ಲಾಡಬೇಡ. ಈಗ ಮುಗಿಯತ್ತೆ."

ಚಿಕ್ಕವನಿದ್ದಾಗ ಪುಟ್ಟ ಎಂದು ದರ್ಜಿಯನ್ನೇ ಅವರು ಕರೆಯುತ್ತಿದ್ದದ್ದು. ಅವನು ತಡೆಯಲಾರದೆ ಎದ್ದು "ಅಪ್ಪಾ" ಎಂದು ಭುಜ ಮುಟ್ಟಿದ.

ಅಪ್ಪ ಸರ್ರನೆ ತಿರುಗಿದರು. "ಯಾರೋ ನೀನು? ನನ್ನ ಮಗನ್ನ ಏನ್ ಮಾಡ್ದೆ?" ಕತ್ತರಿ ಬೀಸಿ ಬಂತು. ಮಗನ ಮುಂಗೈ ತರಚಿತು. ದರ್ಜಿ ಅವರ ಮಣಿಕಟ್ಟು ಹಿಡಿದ, ಕತ್ತರಿ ನೆಲಕ್ಕೆ ಬೀಳುವ ತನಕ ಹಿಡಿದ, ಬಿದ್ದ ಕೂಡಲೇ ಬಿಟ್ಟುಬಿಟ್ಟ. ಅಪ್ಪ ಹಾಗೇ ಕುಸಿದು ಕೂತು, "ಪುಟ್ಟ ಎಲ್ಲಿ?" ಎಂದು ಅಳತೊಡಗಿದರು.

ಅವರನ್ನು ಮಲಗಿಸಿ ಬಂದ ಮೇಲೆ ದರ್ಜಿ ಕೇಳಿದ: "ಅಪ್ಪನ ಮೇಲೆ ಕೇಸಾಗತ್ತಾ ಅಕ್ಕ?"

"ತಾನೇನು ಮಾಡ್ತಿದೀನಿ ಅನ್ನೋದೇ ತಿಳಿಯದಷ್ಟು ಮನಸ್ಸು ಕೆಟ್ಟವರನ್ನ ಕಾನೂನು ಅಪರಾಧಿ ಅನ್ನಲ್ಲ. ಆದ್ರೆ ಬಾಯಿಮಾತು ಸಾಲದು, ಡಾಕ್ಟರ ಹತ್ರ ತೋರಿಸಿರ್ಬೇಕು. ನಾಳೇನೇ ಕರ್ಕೊಂಡು ಹೋಗೋಣ."

"ನಾನು ಅವರ ಕೈ ಒತ್ತಿ ಹಿಡಿದ್ನಲ್ಲ?"

"ಅದೇ ಕಣೋ ಆತ್ಮರಕ್ಷಣೆ. ಏನೂ ತಿಳಿಯದವರು ಮೈಮೇಲೆ ಬಂದ್ರೂ ತಡೆಯೋ ಹಕ್ಕು ನಿನಗಿದೆ. ಕತ್ತರಿ ಬಿತ್ತು, ನೀನೂ ಬಿಟ್ಟೆ. ಅಲ್ಲಿಗೆ ಹಕ್ಕು ಮುಗೀತು."

"ಪ್ಲಗ್ ಹಾಕಿದ್ದಿದ್ರೆ? ಕಳ್ಳ ಅಂದ್ಕೊಂಡಿದ್ದೆ ಅಂದ್ರೆ ಕೋರ್ಟು ಒಪ್ತಿರ್ಲಿಲ್ವಾ?"

"ಇಲ್ಲ. ನೀನು ಯಾರನ್ನೂ ನೋಡೇ ಇರ್ಲಿಲ್ವಲ್ಲೋ, ಅಂದ್ಕೊಳ್ಳೋಕೆ."

ದರ್ಜಿ ಚಿಲಕದಿಂದ ವೈರು ಬಿಚ್ಚಿದ. ಅಳು ಬಂತು, ಅತ್ತ.

ಈಗ ಅಪ್ಪನಿಗೆ ಡಾಕ್ಟರ ಔಷಧಿ ನಡೆಯುತ್ತಿದೆ. ಮಧ್ಯಾಹ್ನ ಮಗನೇ ಅವರನ್ನು ಅಂಗಡಿಗೆ ಕರೆತಂದು, ಹಳೆ ಬಟ್ಟೆ, ಮೊಂಡು ಕತ್ತರಿ ಕೊಟ್ಟು, ಎದುರಿಗೆ ಕೈ ಎತ್ತಿ ನಿಲ್ಲುತ್ತಾನೆ. ಅಪ್ಪ ಅವನತ್ತ ನೋಡುವುದಿಲ್ಲ. ಅವನ ಪಕ್ಕದಲ್ಲಿ, ಸೊಂಟದೆತ್ತರಕ್ಕೆ, ಬರಿಗಾಳಿಗೆ ಟೇಪು ಹಿಡಿದು ಅಳತೆ ತೆಗೆಯುತ್ತಾರೆ.

ಓದುವವರೇ, ಕೇಳುವವರೇ, ನಿಮ್ಮನ್ನು ಕಾಪಾಡಿಕೊಳ್ಳುವ ಹಕ್ಕು ನಿಮಗೆ ಖಂಡಿತ ಇದೆ. ಅದು ಅಪಾಯ ಎದುರಿಗಿರುವಷ್ಟು ಹೊತ್ತು ಮಾತ್ರ, ತಡೆಯಲು ಬೇಕಾದಷ್ಟು ಬಲಕ್ಕೆ ಮಾತ್ರ. ಆಮೇಲೆ ಹೊಡೆದರೆ ಅದು ಸೇಡು. ಕಾಣದವರಿಗಾಗಿ ಬಲೆ ಒಡ್ಡಿದರೆ ಅದು ಅಪರಾಧ. ಸಂದೇಹವಿದ್ದರೆ ಹತ್ತಿರದ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೇಳಿ. ಮನೆಯಲ್ಲಿ ಯಾರಿಗಾದರೂ ಮರೆವು, ಭ್ರಮೆ ಇದ್ದರೆ ಡಾಕ್ಟರಿಗೆ ತೋರಿಸಿ. ಬೇಲಿಗೋ ಬಾಗಿಲಿಗೋ ಕರೆಂಟು ಬಿಟ್ಟಿದ್ದೀರಾ? ಹಾಗಿದ್ದರೆ ಇದನ್ನು ಪಕ್ಕಕ್ಕಿಡಿ, ಮೇನ್ ಸ್ವಿಚ್ ಆರಿಸಿ, ಈಗಲೇ ಅದನ್ನು ತೆಗೆಸಿ. ಯಾರ ಕೈ ಆ ಚಿಲಕದತ್ತ ಬರುತ್ತಿದೆಯೋ ನಿಮಗೆ ಗೊತ್ತಿಲ್ಲ.