ನೀಲಿ ಕೋಟಿನ ಬೆನ್ನು

ವಾಸನೆ ಅಲ್ಲಿಂದಲೇ, ಹೊಲಿಗೆ ಮೆಷಿನ್ನಿನ ಕೆಳಗಿನ ಬುಟ್ಟಿಯಿಂದಲೇ, ಇನ್ನು ಮೂಗಿಗೆ ಸಮಾಧಾನ ಹೇಳಿ ಪ್ರಯೋಜನವಿಲ್ಲ, ಸಾಹೇಬರು ರುಜು ಹಾಕಿ ಹೋಗಿದ್ದಾರೆ — ಸಾಹೇಬ ಅಂದರೆ ಅತ್ತೆಯ ಬೆಕ್ಕು, ಮನೆಯಲ್ಲಿ ಇಷ್ಟು ಬಟ್ಟೆ ಬಿದ್ದಿದ್ದರೂ ಹುಡುಕಿಕೊಂಡು ಹೋಗಿ ಉಚ್ಚೆ ಹೊಯ್ದದ್ದು ಅತ್ತೆ ನನಗೆಂದು ಕತ್ತರಿಸಿಟ್ಟ ಕೋಟಿನ ಮೇಲೆ, ಇನ್ನೂ ಕೋಟೇ ಆಗದ ಕೋಟು, ತೋಳು ಬೇರೆ ಬೆನ್ನು ಬೇರೆ, ನೀಲಿ ಉಣ್ಣೆಯ ಮೇಲೆ ಸೀಮೆಸುಣ್ಣದ ಗೆರೆ. ಒಳಗಿಂದ ಅತ್ತೆ, ಅದೇನೇ ಅಷ್ಟೊತ್ತಿಂದ ಮೂಸ್ತಾ ಇದೀಯ, ನಿಮ್ಮ ಸಾಹೇಬನ ಕೆಲಸ ಅತ್ತೆ, ಅವನು ಹಾಗೆಲ್ಲ ಮಾಡಲ್ಲ ಯಾರೋ ನೀರು ಚೆಲ್ಲಿರ್ತಾರೆ — ಹೆತ್ತವರಿಗೆ ಹೆಗ್ಗಣ ಮುದ್ದು — ಬಿಸಿನೀರು ಹಾಕ್ಬೇಡ ವಾಸನೆ ಕೂತುಬಿಡುತ್ತೆ, ಇಸ್ತ್ರಿ ಮುಟ್ಟಿಸ್ಲೇಬೇಡ, ತಣ್ಣೀರಿಗೆ ವಿನೆಗರ್ ಹಾಕಿ ನೆನೆಸು, ಆಮೇಲೆ ಅಡುಗೆ ಸೋಡಾ, ಉಜ್ಜಬೇಡ ಒತ್ತು. ಮಾಡಲ್ಲ ಅಂದ ಬಾಯಲ್ಲೇ ಇಷ್ಟು ಉಪಾಯ, ಅದೆಷ್ಟು ಸಲ ಗುಟ್ಟಾಗಿ ತೊಳೆದಿದ್ದಾರೋ ಮಹಾತಾಯಿ, ನಗು ತಡೆಯಲಾಗುತ್ತಿಲ್ಲ, ಮತ್ತೆ ಕೂಗು, ನೆನೆಸೋ ಮುಂಚೆ ಗೆರೆ ಮೇಲೆ ಕೆಂಪು ದಾರ ಓಡಿಸು, ಸೀಮೆಸುಣ್ಣ ನೀರಲ್ಲಿ ನಿಲ್ಲಲ್ಲ, ಆಮೇಲೆ ಎಲ್ಲಿ ಹೊಲಿಯೋದು ಅಂತ ಬೆಕ್ಕನ್ನ ಕೇಳ್ತೀಯಾ.

ಕಿಟಕಿಯ ಪಕ್ಕ ಕೂತು ದಾರ ಓಡಿಸುತ್ತಿದ್ದೇನೆ, ಆಮೇಲೆ ಬಿಚ್ಚಿಹಾಕುವ ಉದ್ದುದ್ದ ಹೊಲಿಗೆ, ತೋಳು ಮುಗಿಯಿತು, ಬೀದಿಗೆಲ್ಲ ಹೊಲಿದ ಅತ್ತೆ ನನಗೆ ಮಾತ್ರ ಒಂದೂ ಹೊಲಿದಿರಲಿಲ್ಲ, ನೀನು ನಿಂತಲ್ಲಿ ನಿಲ್ಲೋಳಲ್ಲ, ಅಳತೆ ಹೇಗೆ ತಗೊಳ್ಳಲಿ, ಅಂದವರು ಚಳಿ ಶುರುವಾದಾಗ ತಾವೇ ಹಿಡಿದು ನಿಲ್ಲಿಸಿ, ಟೇಪಿಲ್ಲ ಏನಿಲ್ಲ, ಬೆನ್ನ ಮೇಲೆ ಗೇಣು ಹಾಕಿ ಅಳೆದರು, ಆ ಬೆಚ್ಚನೆಯ ಅಂಗೈ ಈಗಲೂ ಅಲ್ಲೇ ಇದೆ. ಆಮೇಲೆ ಕೆಲಸ ನಿಂತಿತು, ಬೆಳಕು ಸಾಲದು ಅಂದರು, ಬಲ್ಬು ಬದಲಾಯಿಸಿದೆ, ಸೂಜಿ ಮೊಂಡು ಅಂದರು, ಹೊಸದು ತಂದೆ, ನಾಳೆ ಅಂದರು, ಮನಸ್ಸಿಲ್ಲ ಇವರಿಗೆ ಅಂತ ನಾನು ಒಳಗೊಳಗೇ ಮುನಿಸಿಕೊಂಡೆ — ಈಗ ಬೆನ್ನಿನ ತುಂಡು, ಕತ್ತಿನಿಂದ ನೆಟ್ಟಗೆ ಇಳಿದ ಗೆರೆ ನಡುವಿನ ಹತ್ತಿರ ನಡುಗುತ್ತದೆ, ಒರೆಸಿದ್ದಾರೆ, ಮತ್ತೆ ಎಳೆದಿದ್ದಾರೆ, ಮತ್ತೆ ನಡುಗಿದೆ. ಅದಕ್ಕೇ ಅರ್ಧ ಲೋಟ ಚಹಾ ಸಾಕು ಅನ್ನುವುದು, ಅದಕ್ಕೇ ಯಾರಾದರೂ ಬಂದರೆ ಕೈ ಸೆರಗಿನೊಳಗೆ, ಇಷ್ಟು ದಿನ ಎದುರಿಗೇ ಇದ್ದೂ ನನ್ನ ಕಣ್ಣಿಗೆ ಏನಾಗಿತ್ತು. ನೆಟ್ಟಗೆ ಮಾಡಿಬಿಡಲೇ, ಬೆರಳಷ್ಟು ಬದಲಿಸಿದರೆ ಆಯಿತು, ಆದರೆ ನೆಟ್ಟಗಾದ ಗೆರೆ ನೋಡಿದ ಕ್ಷಣ ಗೊತ್ತಾಗುತ್ತದೆ ಅವರಿಗೆ, ಸೊಸೆ ಕಂಡುಬಿಟ್ಟಳು ಅಂತ, ಆಮೇಲೆ ಮೆಷಿನ್ನಿನ ಮುಂದೆ ಕೂರುವುದೇ ಇಲ್ಲ. ಗೆರೆ ಸಿಕ್ತಾ, ಒಳಗಿಂದ, ಸಿಕ್ತು ಅತ್ತೆ, ಬೆನ್ನಿಂದೂ ಸಿಕ್ತಾ, ಅದೂ ಸಿಕ್ತು, ಬೆಕ್ಕಿನ ಗುರುಗುರು, ಆಮೇಲೆ ಮೆಲ್ಲಗೆ, ಬೇಕಾದ್ರೆ ನೆಟ್ಟಗೆ ಮಾಡ್ಕೋ ಕಣೇ. ಎಷ್ಟು ಪ್ರೀತಿ ನನಗೆ ಈ ಮುದುಕಿಯ ಮೇಲೆ, ಗೆರೆ ಚೆನ್ನಾಗೇ ಇದೆ ಅತ್ತೆ, ಹೊಲಿಯೋದು ಮಾತ್ರ ನೀವೇ, ನಾನು ಬಟ್ಟೆ ಹಿಡ್ಕೋತೀನಿ. ಸೂಜಿ ಗೆರೆಯ ಹಿಂದೆಯೇ ಹೋಗುತ್ತದೆ, ಅದು ಹೊರಳಿದಲ್ಲಿ ಹೊರಳಿ, ಬಟ್ಟೆ ತಣ್ಣೀರಿಗೆ, ಹುಳಿ ಘಾಟು, ಒತ್ತುತ್ತೇನೆ, ಉಜ್ಜುವುದಿಲ್ಲ, ಬಿಳಿ ಕರಗಿ ಹೋಗುತ್ತಿದೆ, ನೀಲಿಯ ಮೇಲೆ ಕೆಂಪು ದಾರ, ನಡುವಿನ ಹತ್ತಿರ, ನಡುಗುತ್ತಾ, ಕೆಂಪು ದಾರ —