ಗ್ವಾಡಿಯ ಕಾವು

ಆಷಾಢದ ಜಿಟಿಜಿಟಿ ಮಳೆ, ಬೆಳಗಿನ ಒಂಬತ್ತರ ಹೊತ್ತು. ಬೆಳಗಾವಿಯ ಶಹಾಪುರದ ನೇಕಾರರ ಗಲ್ಲಿಯ ಮನೆಯೊಂದರಲ್ಲಿ ಇಬ್ಬರು ಗಂಡಸರು ಗುರುಪುತ್ರಪ್ಪ ಮಾಸ್ತರರ ಮೊಣಕಾಲು ಮಡಿಸಲು ಹೆಣಗುತ್ತಿದ್ದರು. ಲಿಂಗವಂತರ ಹೆಣ ಮಲಗಿ ಹೋಗುವಂತಿಲ್ಲ, ಕುಳಿತೇ ಮಣ್ಣಿಗಿಳಿಯಬೇಕು. ಜೀವ ಹೋದ ಕೂಡಲೇ ಮಡಿಸಿದ್ದರೆ ಕೆಲಸ ಸುಲಭ. ದವಾಖಾನೆಯಿಂದ ತರುವುದರೊಳಗೆ ತಡವಾಗಿ ಕಾಲು ಸೆಟೆದುಹೋಗಿದ್ದವು.

"ಜ್ವಾಕಿ ಮಾಡ್ರೋ, ಎಲುಬು ಮುರದೀತು," ಅಂದ ಗುರುಸಿದ್ದ. ಅವನು ಮಾಸ್ತರರ ತಮ್ಮ, ಗಲ್ಲಿಯ ಭಜನಿ ಮೇಳದ ಮುಂದಾಳು.

"ಬದುಕಿದ್ದಾಗೂ ಈ ಮನಷ್ಯಾ ಯಾರ ಮಾತಿಗೂ ಬಾಗಿದಾಂವಲ್ಲ," ಅಂದಳು ನೆರೆಮನೆಯ ಬಾಳವ್ವ. ಒಂದಿಬ್ಬರು ನಕ್ಕರು.

ಮಾಸ್ತರರ ಹೆಂಡತಿ ಕಾಶವ್ವ ಒಲೆಯ ಮೇಲಿನ ನೀರಿನಲ್ಲಿ ಪಂಚೆ ಅದ್ದಿ, ಹಿಂಡಿ, ಗಂಡನ ಮೊಣಕಾಲಿನ ಮೇಲಿಟ್ಟಳು. ಅದು ಆರಿದರೆ ಮತ್ತೊಂದು. ಬಹಳ ಹೊತ್ತಿನ ಮೇಲೆ ಒಂದು ಕಾಲು ಲಟಕ್ಕೆಂದು ಬಗ್ಗಿತು. ಆ ಸದ್ದಿಗೆ ಬಾಳವ್ವ ಮುಖ ಹೊರಳಿಸಿದಳು.

ಗೋಡೆಗೆ ಆನಿಸಿ ಕೂಡಿಸಿದರು. ಬಗಲಲ್ಲಿ ಬಟ್ಟೆ ಹಾಯಿಸಿ ಗೂಟಕ್ಕೆ ಕಟ್ಟಿದರು. ಹಣೆಗೆ ವಿಭೂತಿ ಬಳಿದು ಎಡಗೈಯಲ್ಲಿ ಲಿಂಗ ಇಟ್ಟರು. ಎದುರಿಗೆ ಚಾಪೆ ಬಿತ್ತು, ಭಜನಿಯವರು ಕುಳಿತರು. ತಾಳ ಕೈಗೆ ತೆಗೆದುಕೊಳ್ಳುತ್ತ ಗುರುಸಿದ್ದ ಅಂದ, "ವೈನಿ, ಎತ್ತೂ ಮುಂದ ಅಣ್ಣನ ಪದಾನ ಹಾಡೂಣು."

"ಯಾವುದು?"

"ಯಾವುದಂದ್ರ? 'ಹಾಡಿದ ದನಿ'. ಅದನ್ನ ಬಿಟ್ಟರ ಮತ್ತ್ಯಾವುದು?"

ಕಾಶವ್ವ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡಳು. "ಹಾಡ್ರಿ. ಖರೆ ಕಡೀ ಸಾಲಿನ್ಯಾಗ 'ಬೆಚ್ಚಗಿತ್ತ' ಅನಬ್ಯಾಡ್ರಿ. 'ತಣ್ಣಗಿತ್ತ' ಅನ್ರಿ."

ಗುರುಸಿದ್ದ ಬಾಯಿ ತೆರೆದು ನೋಡಿದ. ಅವನ ಬಾಜೂಕೆ ಗಜಾನನ ಕುಳಿತಿದ್ದ. ಖಾನಾಪುರದಲ್ಲಿ ಮಾಸ್ತರರ ಕೈಯಲ್ಲಿ ಕಲಿತವನು, ಮನೆಮಾತು ಮರಾಠಿ, ಈಗ ಬೆಳಗಾವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಮಾಸ್ತರರ ಪದಗಳ ಪುಸ್ತಕವನ್ನು ಮುಂದೆ ನಿಂತು ಅಚ್ಚು ಹಾಕಿಸಿದವನೂ ಅವನೇ.

"ಅವ್ವಾರ, ಅದು ಸರ್ ಬರದ ಪದ. ನಾವು ಅದರಾಗ ಒಂದಕ್ಷರ ಮುಟ್ಟಾಕ ಬರೂದಿಲ್ರಿ," ಅಂದ ಗಜಾನನ ಮೆಲ್ಲಗೆ. "ಮತ್ತ ಆ ಸಾಲಿನ್ಯಾಗ ವಿಜ್ಞಾನ ಐತ್ರಿ. ಶಕ್ತಿ ನಾಶ ಆಗೂದಿಲ್ಲ ಅನ್ನೂ ಪಾಠಾನ ನಾ ಅದನ್ನ ಹಾಡಿ ಸುರು ಮಾಡತೀನಿ. ತಣ್ಣಗಿತ್ತ ಅಂದ್ರ ತಪ್ಪಾಗತೈತಿ."

"ವಿಜ್ಞಾನ ತಪ್ಪಂತ ನಾ ಎಲ್ಲಿ ಅಂದ್ನೆಪಾ? ಗ್ವಾಡಿ ಕಾವ ಕುಡದಿರಬೇಕು. ನನ್ನ ಕೈಗೆ ಹತ್ತಲಿಲ್ಲ. ಅಷ್ಟ."

"ನಿಮ್ಮ ಕೈಗೆ?"

ಕಾಶವ್ವ ಒದ್ದೆ ಪಂಚೆಗಳನ್ನು ಎತ್ತಿಡತೊಡಗಿದಳು. ಗುರುಸಿದ್ದ ತಾಳ ಕುಟ್ಟಿದ. "ದುಃಖದಾಗ ಏನೇನರ ಅಂತಾಳ. ಬಿಡ್ರಿ ಸರ್."

*

ಮಾಸ್ತರರು ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲ. ಹೊಳೆಯ ಕಡೆಗೊಂದು ಮಣ್ಣಿನ ಗೋಡೆಯ ಬಾಡಿಗೆ ಮನೆ. ಒಬ್ಬಳೇ ಮಗಳು ಪದ್ಮಶ್ರೀ, ಎಲ್ಲರ ಬಾಯಲ್ಲಿ ಪದ್ಮಿ. ಇನ್ನೂ ಶಾಲೆಗೆ ಹಾಕಿರಲಿಲ್ಲ. ಗೋಡೆಗೆ ಮೂಗು ಹಚ್ಚಿ ನಿಂತು ಹಾಡುವುದು ಅವಳ ಚಟ. ಹಾಗೆ ಹಾಡಿದರೆ ಗೋಡೆಯೂ ಹಾಡುತ್ತದೆ ಎಂದು ತಿಳಿದಿದ್ದಳು.

ಒಂದು ಮಳೆಗಾಲ ಜ್ವರ ಬಂತು. ಬೆಳಗಾವಿಗೆ ಒಯ್ಯಬೇಕೆಂದು ಹೊರಟರೆ ದಾರಿಯ ಸೇತುವೆ ಮೇಲೆ ನೀರು. ಗಾಡಿ ಅಲ್ಲೇ ನಿಂತಿತು. ನೀರು ಇಳಿಯಲಿಲ್ಲ.

ಮಗಳನ್ನು ಮಣ್ಣು ಮಾಡಿ ಬಂದ ಸಂಜೆ ಕಾಶವ್ವ ಕೇಳಿದಳು: "ಅಕಿ ದನಿ ಎಲ್ಲಿ ಹೋತ್ರಿ?"

ಮಾಸ್ತರರಿಗೆ ಶಿವನ ಮಾತು ಬಾಯಿಗೆ ಬರಲಿಲ್ಲ. ಗೊತ್ತಿದ್ದದ್ದು ಪಾಠವೊಂದೇ. ಅದನ್ನೇ ಹೇಳಿದರು. "ದನಿ ಅಂದ್ರ ಗಾಳಿಯ ನಡುಕ, ಕಾಶಿ. ಹೋಗಿ ಗ್ವಾಡಿಗೆ ಬಡೀತೈತಿ. ಅಲ್ಲೆ ಕಾವಾಗಿ ಕೂಡತೈತಿ. ಈ ಜಗತ್ತಿನ್ಯಾಗ ಯಾವುದೂ ಇಲ್ಲದಂಗ ಆಗೂದಿಲ್ಲ."

ಅವಳು ಎದ್ದು ಹೋಗಿ, ಮಗಳು ನಿಲ್ಲುತ್ತಿದ್ದ ಕಡೆ ಎರಡೂ ಅಂಗೈ ಇಟ್ಟಳು. ಮಳೆಗೆ ಗೋಡೆ ಹಸಿ ಕುಡಿದಿತ್ತು.

"ತಣ್ಣಗೈತ್ರಿ."

"ಭಾಳ ಸಣ್ಣ ಕಾವ ಅದು. ಕೈಗೆ ತಿಳಿಯೂವಷ್ಟ ಇರೂದಿಲ್ಲ."

"ಕೈಗೆ ತಿಳೀಲಿಲ್ಲಂದ್ರ ನನಗ ಹೆಂಗ ತಿಳೀಬೇಕು?"

ಮಾಸ್ತರರು ದೀಪ ಹಚ್ಚಲು ಎದ್ದರು.

ಆ ಮಳೆಗಾಲ ಮುಗಿಯುವುದರೊಳಗೆ ಮಜ್ಜಿಗೆ ಕಡೆಯುತ್ತ ಕಡೆಯುತ್ತ ಕಾಶವ್ವ ಪದ ಕಟ್ಟಿದಳು.

ಹಾಡಿದ ದನಿ ಎಲ್ಲಿಗೆ ಹೋತವ್ವ
ಗಾಳ್ಯಾಗ ಹೋತ, ಗ್ವಾಡ್ಯಾಗ ಹೋತ
ಬಲ್ಲವರಂದರು ಎಲ್ಲಿಗೂ ಹೋಗಿಲ್ಲ
ಗ್ವಾಡಿ ಮುಟ್ಟಿದೆ, ತಣ್ಣಗಿತ್ತ

ಹಾಲು ಕೊಡಲು ಬರುತ್ತಿದ್ದ ಕುರುಬರ ರೇಣವ್ವ ಹೊಸ್ತಿಲಲ್ಲಿ ಕುಳಿತು ಕೇಳುತ್ತಿದ್ದಳು. ಕೇಳಿ ಕೇಳಿ ಅವಳಿಗೂ ಬಂತು.

ಎಷ್ಟೋ ವರ್ಷದ ಮೇಲೆ, ಮಾಸ್ತರರು ನಿವೃತ್ತರಾಗಿ ಶಹಾಪುರಕ್ಕೆ ಬಂದು ನೆಲೆಸಿದ ಮೇಲೆ, ಅವರು ಕಟ್ಟಿದ ಪದಗಳ ಪುಸ್ತಕದ ಮಾತು ಬಂತು. ಅಚ್ಚಿಗೆ ಕೊಡುವ ಮುಂಚೆ ಅವರೇ ಒಂದೊಂದು ಪದ ಓದಿ ಹೇಳಿದರು. ಕಾಶವ್ವ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಅವುಗಳ ನಡುವೆ ತನ್ನ ಆ ಪದ ಬಂದಾಗ ಅವಳ ಕೈ ನಿಂತಿತು.

"ಸಾಲ ಬದಲಿ ಮಾಡೀರಿ."

"ಓದಿದವರಿಗೆ ಒಂದೀಟ ಧೈರ್ಯ ಬರಲಿ ಅಂತ," ಅಂದರು ಮಾಸ್ತರರು. "ಮತ್ತ ಖರೇನೂ ಅದ ಅಲ್ಲೇನು? ಈ ಪದಕ್ಕ ನಿನ್ನ ಹೆಸರ ಹಾಕಸತೀನಿ ತಡಿ."

"ಬ್ಯಾಡ್ರಿ. ಆ ಸಾಲು ನಂದಲ್ಲ. ಹೆಸರ ಹಾಕೂದಾದರ ನಂದು ನನಗ ತಿರುಗಿ ಕೊಡ್ರಿ. ಇಲ್ಲಾಂದ್ರ ನಿಮ್ಮ ಹೆಸರ ಹಾಕ್ಕೋರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಅದನ್ನ ಹೆಂಗ ಇಡಲಿ, ಕಾಶಿ? ಅದು ನೆನಪಾದ ದಿನ ನನಗ ಅನ್ನ ಇಳಿಯೂದಿಲ್ಲ."

ಅವಳು ಮತ್ತೆ ಜೋಳಕ್ಕೆ ಕೈ ಹಾಕಿದಳು. ಪದ ಅವರ ಹೆಸರಿನಲ್ಲಿ ಅಚ್ಚಾಯಿತು. ಊರೂರಿನ ಭಜನಿಯವರು ಹಾಡಿದರು.

*

ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದಾಗ ರೇಣವ್ವ ಬಂದಳು. ಸುದ್ದಿ ಕೇಳಿ ಖಾನಾಪುರದಿಂದ ಸಿಕ್ಕ ಬಸ್ಸು ಹತ್ತಿದ್ದಳು. ಬೆನ್ನು ಬಾಗಿತ್ತು, ಸೀರೆ ಮೊಣಕಾಲ ತನಕ ನೆನೆದಿತ್ತು. ಮಾಸ್ತರರ ಎದುರಿಗೆ ಕುಕ್ಕರಿಸಿದಳು.

"ನನ್ನ ಹಾಲಿಗೆ ನೀರ ಹಾಕತಿ ಅಂತ ದಿನಾ ಜಗಳಾ ತಗೀತಿದ್ದಿ ಮಾಸ್ತರಾ. ಒಂದಿನರ ಬ್ಯಾರೆ ಕಡೆ ತಗೊಂಡೇನು? ಈಗ ಏನೂ ಅನದ ಕುಂತೀಯಲ್ಲೋ," ಎಂದು ಅತ್ತಳು. ಆಮೇಲೆ ಕಾಶವ್ವನ ಕೈ ಹಿಡಿದು ಅವಳ ಬಾಜೂಕೆ ಕುಳಿತಳು.

ಪದ ಶುರುವಾಯಿತು. ಗೊತ್ತಿದ್ದ ಪದ ಕೇಳಿ ರೇಣವ್ವನಿಗೆ ತಡೆಯಲಾಗಲಿಲ್ಲ, ತಾನೂ ದನಿ ಕೂಡಿಸಿದಳು. ಅಡವಿಯಲ್ಲಿ ಕುರಿ ಕರೆದ ಗಂಟಲು. ಮೇಳದ ದನಿಯ ಮೇಲೆ ಎದ್ದು ನಿಂತಿತು. ಕಡೆಯ ಸಾಲಿಗೆ ಮೇಳವೆಲ್ಲ 'ಬೆಚ್ಚಗಿತ್ತ' ಅಂದರೆ ಅವಳೊಬ್ಬಳು 'ತಣ್ಣಗಿತ್ತ' ಅಂದಳು.

ತಾಳ ನಿಂತಿತು.

"ಯವ್ವಾ, ತಪ್ಪ ಹಾಡಿದಿ," ಅಂದ ಗುರುಸಿದ್ದ.

"ಎದಕ್ಕ ತಪ್ಪ? ನಾ ಕಲತದ್ದ ಹಿಂಗ. ನನ್ನ ಸೊಸೆಂದ್ರೂ ಹಿಂಗ ಹಾಡತಾರ."

"ಯಾರ ಹತ್ತರ ಕಲತ್ರಿ?" ಗಜಾನನ ಮುಂದೆ ಬಾಗಿದ.

"ಯಾರ ಹತ್ತರ ಅಂದ್ರ? ಈ ಕಾಶಕ್ಕನ ಹತ್ತರ. ಕೂಸು ಹೋದ ಮ್ಯಾಲ ಇಕೀನ ಕಟ್ಟಿದ್ದು. ಆಗ ಮಾಸ್ತರಗ ಪದಾ ಕಟ್ಟಾಕ ಎಲ್ಲಿ ಬರತಿತ್ತು?"

ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. "ಹಂಗಾರ ಬುಕ್ಕಿನ ಮ್ಯಾಲ ಮಾಸ್ತರನ ಹೆಸರ ಐತೆಲ್ಲೋ," ಅಂದ ಒಬ್ಬ. "ಹೇಣತೀ ಪದಾ ಕದ್ದಾನಂದಂಗಾತು," ಅಂದ ಇನ್ನೊಬ್ಬ. ಹಿಂದೆ ಯಾರೋ ಕಿಸಕ್ಕೆಂದರು. ಬಾಳವ್ವ ಬೈದರೂ ಆ ಮಾತು ಹೊರಗಿನ ಕಟ್ಟೆಯ ತನಕ ಹೋಗಿ ಮುಟ್ಟಿತು.

ಗಜಾನನ ಎದ್ದು ಕಾಶವ್ವನ ಹತ್ತಿರ ಬಂದ. "ಅವ್ವಾರ, ಖರೇ ಏನ್ರಿ? ನೀವು ಹೂಂ ಅನ್ರಿ. ನೀವು ಹೇಳಿದಂಗ ಹಾಡತೀವಿ. ಬುಕ್ಕಿನ್ಯಾಗೂ ತಿದ್ದಸತೀನಿ."

ಕಾಶವ್ವ ಗಂಡನ ಕಡೆ ನೋಡಿದಳು. ಬಟ್ಟೆ ಸಡಿಲಾಗಿ ಮೈ ಒಂದು ಕಡೆ ಜಾರಿತ್ತು. ತಲೆ ಎದೆಯ ಮೇಲೆ ಬಿದ್ದು, ಮಂದಿ ಅಂದದ್ದು ಕೇಳಿಸಿಕೊಂಡು ತಲೆ ತಗ್ಗಿಸಿದವರ ಹಾಗೆ ಕಾಣುತ್ತಿದ್ದರು. ಅವಳು ಎದ್ದು ಹೋಗಿ ಕುತ್ತಿಗೆಯ ಹಿಂದೆ ಕೈ ಕೊಟ್ಟು ತಲೆ ಎತ್ತಿದಳು. ಎತ್ತಿ ಹಿಡಿದುಕೊಂಡೇ ನಿಂತಳು.

"ರೇಣವ್ವಗ ವಯಸ್ಸಾಗೈತಿ. ಮರವು ಬಂದೈತಿ," ಅಂದಳು. "ಪದಾ ಇವರದು. ಬುಕ್ಕಿನ್ಯಾಗ ಇದ್ದಂಗ ಹಾಡ್ರಿ."

"ನನಗ ಮರವ ಅಂದೇನು, ಕಾಶಕ್ಕ?"

ಕಾಶವ್ವ ತಿರುಗಲಿಲ್ಲ.

"ನಿನ್ನ ಪದ್ಮಿಗೆ ಕುಣಿ ತೋಡಿದಾಂವ ನನ್ನ ಗಂಡ. ಮಳಿಯಾಗ ಕುಣಿ ತುಂಬತೈತಿ ಅಂತ ನಾ ಕೊಡದಾಗ ನೀರ ಮೊಗದ ಹೊರಗ ಚೆಲ್ಲೀನಿ. ನನಗ ಮರವು?"

"ಹಾಡ್ರಿ," ಅಂದಳು ಕಾಶವ್ವ.

ಮೇಳ ಹಾಡಿತು. 'ಬೆಚ್ಚಗಿತ್ತ' ಅನ್ನುವಾಗ ಈ ಸಲ ಎಲ್ಲರೂ ಜೋರಾಗಿ ಅಂದರು. ಗಜಾನನ ಮಾತ್ರ ತುಟಿ ಆಡಿಸಿದನೋ ಇಲ್ಲವೋ ತಿಳಿಯಲಿಲ್ಲ.

ಮಾಸ್ತರರನ್ನು ಎತ್ತಿ ವಿಮಾನದಲ್ಲಿ ಕೂಡಿಸಿದರು. ಹರಹರ ಅನ್ನುತ್ತ ಮಳೆಯಲ್ಲೇ ಹೊರಟರು. ಕಾಶವ್ವ ಬಾಗಿಲ ತನಕ ಬಂದು ನಿಂತಳು. ಹಿಂದೆ ಹೆಂಗಸರು ಹೆಣ ಕುಳಿತ ಜಾಗಕ್ಕೆ ನೀರು ಹಾಕುತ್ತಿದ್ದರು. ಈ ಸಾವಿಗೆಂದು ಗಲ್ಲಿಯವರು ನಿಲ್ಲಿಸಿದ್ದ ಮಗ್ಗಗಳು ಆಗಲೇ ಒಂದೊಂದಾಗಿ ಶುರುವಾಗಿದ್ದವು. ಭಜನಿ ಗಲ್ಲಿಯ ತಿರುವಿನಲ್ಲಿತ್ತು. ಮಗ್ಗದ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಹೆಣದ ಹಿಂದೆ ಹೋಗದೆ ಒಬ್ಬಳು ಈ ಕಡೆ ಹೊರಳಿ, ಗೋಡೆಯ ಅಂಚು ಹಿಡಿದು ನಡೆದಿದ್ದಳು. "ರೇಣವ್ವಾ, ಉಂಡರ ಹೋಗ ಬಾರಽ," ಎಂದು ಬಾಳವ್ವ ಕೂಗಿದಳು. ಅವಳು ನಿಲ್ಲಲಿಲ್ಲ. ಒದ್ದೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಖಾನಾಪುರದ ಬಸ್ಸಿಗೆ ಹೋದಳು.