ಐಸ್ ಫ್ಯಾಕ್ಟರಿಯ ಹುಡುಗಿ

ಆ ಸಿನಿಮಾದ ಮೊದಲ ಆಟದಲ್ಲಿ ಎಂಟುನೂರು ಜನ ಮೂರ್ಛೆ ಹೋದರು; ಎಚ್ಚರವಿದ್ದವನು ರಮಾನಾಥ ಒಬ್ಬನೇ. ತೊಂಬತ್ತು ಜನರನ್ನು ಹೆಗಲ ಮೇಲೆ ಹೊತ್ತು ಹೊರಗೆ ಹಾಕಿ, ಇಂಟರ್ವಲ್ ಮುಗಿಯುವಷ್ಟರಲ್ಲಿ ತನ್ನ ಸೀಟಿಗೆ ಮರಳಿದ್ದನು. ದಿಲ್ಲಿಯ ಲೋಧಿ ಕಾಲೋನಿಯ ಅವನ ಹೋಟೆಲಿಗೆ ದೋಸೆಗೆಂದು ಬರುವ ಗುಮಾಸ್ತರೆಲ್ಲ ಇದನ್ನು ಕೇಳಿದವರೇ. ವರ್ಷ ಕಳೆದಂತೆ ಮೂರ್ಛೆ ಹೋದವರ ಸಂಖ್ಯೆ ಏರಿತೇ ಹೊರತು ಇಳಿಯಲಿಲ್ಲ.

ಆರು ಹುಡುಗಿಯರನ್ನು ಕೊಂದು ಏಳನೆಯವಳನ್ನು ಹೊತ್ತೊಯ್ದವನ ಬೆನ್ನು ಹತ್ತುವ ಪೊಲೀಸ್ ಅಧಿಕಾರಿಣಿಯ ಕತೆ ಅದು. ಹಳೆಯ ಇಂಗ್ಲಿಷ್ ಚಿತ್ರ. ಮಂಗಳವಾರ ಹೋಟೆಲಿಗೆ ರಜೆ. ಅಂಥದೊಂದು ಮಂಗಳವಾರ ಹೆಂಡತಿ ಪುಷ್ಪಾವತಿಯ ಜೊತೆ ಅದನ್ನು ನೋಡಿದ್ದನು. ಪುಷ್ಪಾವತಿ ತೀರಿಕೊಂಡಾಗ ಮಗಳು ಶ್ರಾವ್ಯಾ ನಾಲ್ಕನೆಯ ಕ್ಲಾಸು. ಅಪ್ಪನ ಉಳಿದ ಬಡಾಯಿಗಳನ್ನೆಲ್ಲ ನಕ್ಕು ಬಿಡುತ್ತಿದ್ದ ಮಗಳು, ಮೂರ್ಛೆಯ ಲೆಕ್ಕವನ್ನು ಬದಿಗಿಟ್ಟು, ಈ ಸಿನಿಮಾದ ಮಾತನ್ನು ಮಾತ್ರ ನಂಬಿದ್ದಳು. ಆ ಮಾತಿನಲ್ಲಿ ಅಮ್ಮ ಇದ್ದಳು. ರಮಾನಾಥನಿಗೂ ಅದು ಗೊತ್ತಿತ್ತು. ಮಗಳು ತನ್ನನ್ನು ನಂಬುವುದು ಇದೊಂದರಲ್ಲೇ. ಇದನ್ನು ಕಳೆದುಕೊಳ್ಳಲು ಅವನು ಸಿದ್ಧನಿರಲಿಲ್ಲ.

ಶ್ರಾವ್ಯಾ ಈಗ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಮೇಡಂ. ಶನಿವಾರ ವಿದ್ಯಾರ್ಥಿಗಳಿಗೆ ಅದೇ ಸಿನಿಮಾ ತೋರಿಸುವುದಿತ್ತು. ಮೊದಲು ಅಪ್ಪ ಹತ್ತು ನಿಮಿಷ ಮಾತಾಡಲಿ ಎಂದಳು. ರಮಾನಾಥ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿಸಿ, ಇಡೀ ಉತ್ತರ ಭಾರತವೇ ತನ್ನ ಭಾಷಣಕ್ಕೆ ಕಾದು ಕೂತಿದೆ ಎಂದು ಅಡುಗೆಯವರಿಗೆ ಸಾರಿ ಹೊರಟನು.

ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ, ಕಾರು ಓಡಿಸುತ್ತಲೇ ಶ್ರಾವ್ಯಾ ಭಾಷಣವನ್ನು ಒಮ್ಮೆ ಹೇಳಿ ನೋಡು ಎಂದಳು. ಅವನು ಶುರು ಮಾಡಿದನು. ಅಧಿಕಾರಿಣಿ ಕೊಲೆಗಾರನ ತಾಯಿಯ ಮನೆಗೆ ಹೋಗಿ ಒಂದೂ ಪ್ರಶ್ನೆ ಕೇಳದೆ ಸುಮ್ಮನೆ ಕೂರುವುದನ್ನು, ಆ ಮೌನಕ್ಕೆ ತಾಯಿ ತಾನಾಗಿ ಬಾಯಿ ಬಿಡುವುದನ್ನು ಹೇಳಿದನು. ಚೆನ್ನಾಗಿಯೇ ಹೇಳಿದನು. ಶ್ರಾವ್ಯಾ ತಲೆದೂಗಿದಳು. ಕೊನೆಗೆ, ಇಷ್ಟು ವರ್ಷ ಅವಳೆದುರು ಹೇಳದಿದ್ದ ಭಾಗ, ಮುಚ್ಚಿದ ಐಸ್ ಫ್ಯಾಕ್ಟರಿ ಬಂತು. ಅಧಿಕಾರಿಣಿ ಬಾಗಿಲು ತೆರೆಯುತ್ತಾಳೆ, ಒಳಗಿದ್ದ ಏಳನೆಯ ಹುಡುಗಿ ಕೆಮ್ಮಿ ಎದ್ದು ಕೂರುತ್ತಾಳೆ, ಒಂದು ಲೋಟ ಬಿಸಿ ಕಷಾಯ ಕೇಳುತ್ತಾಳೆ.

ಶ್ರಾವ್ಯಾ ಕಾರಿನ ವೇಗ ಇಳಿಸಿದಳು.

“ಕಷಾಯನಾ?”

“ಹೌದು ಮಾರಾಯ್ತಿ. ಜೀರಿಗೆ, ಕೊತ್ತಂಬರಿ ಹಾಕಿದ್ದು. ನಾನೇ ಈ ಕಣ್ಣಾರೆ ನೋಡಿದ್ದು.”

“ಅಪ್ಪ, ಅವಳು ಏಳೋದೇ ಇಲ್ಲ.”

ಪಾಠಕ್ಕೆಂದು ಅವಳು ಆ ವಾರ ಅದನ್ನು ಮೂರು ಸಲ ನೋಡಿದ್ದಳು. ಬಾಗಿಲು ತೆರೆದಾಗ ಹುಡುಗಿ ಸತ್ತಿರುತ್ತಾಳೆ. ಅಧಿಕಾರಿಣಿ ತನ್ನ ಕೋಟು ಬಿಚ್ಚಿ ಹೊದಿಸಿ ಪಕ್ಕದಲ್ಲಿ ಕೂರುತ್ತಾಳೆ, ಅಳುವುದಿಲ್ಲ. ಹೊರಗೆ ಕೊಲೆಗಾರನನ್ನು ಹಿಡಿದ ಗದ್ದಲ ಕೇಳಿಸುತ್ತಿದ್ದರೂ ತಿರುಗಿ ನೋಡುವುದಿಲ್ಲ. ಹಿಡಿದದ್ದು ಮುಖ್ಯವಲ್ಲ, ತಡವಾದದ್ದೇ ಮುಖ್ಯ, ಅದಕ್ಕೇ ಆ ಚಿತ್ರ ಇನ್ನೂ ಬದುಕಿದೆ ಎಂದು ಶ್ರಾವ್ಯಾ ನಿಧಾನವಾಗಿ, ಯಾರಿಗೋ ನೋವಾದೀತೆಂಬಂತೆ ವಿವರಿಸಿದಳು.

ರಮಾನಾಥನಿಗೆ ನೂರು ಉತ್ತರಗಳು ಹೊಳೆದವು. ದಿಲ್ಲಿಗೆ ಬಂದದ್ದು ಬೇರೆ ರೀಲು ಎನ್ನಬಹುದಿತ್ತು. ಸೆನ್ಸಾರಿನವರು ಕತ್ತರಿಸಿದರು ಎನ್ನಬಹುದಿತ್ತು.

ಶ್ರಾವ್ಯಾ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. “ಅಮ್ಮನ ಜೊತೆ ಹೋಗಿದ್ದಾದರೂ ನಿಜ ತಾನೇ?” ಅವಳ ದನಿ ಸಣ್ಣದಾಗಿತ್ತು.

“ಅದು ನಿಜ,” ಎಂದನು ರಮಾನಾಥ. “ನೋಡಿದ್ದು ಸುಳ್ಳು. ಮೊದಲ ಹೆಣ ಕಂಡ ಮೇಲೆ ನಾನು ಕಣ್ಣು ಬಿಡಲೇ ಇಲ್ಲ, ಅಷ್ಟು ಹೆದರಿಕೆ. ಎದ್ದು ಹೋಗೋಣ ಅಂದ್ರೆ ನಿನ್ನಮ್ಮ ಬಿಡ್ಲಿಲ್ಲ. ನನ್ನ ಕೈ ಹಿಡ್ಕೊಂಡು, ಕಿವಿಯಲ್ಲಿ ಪೂರ್ತಿ ಕತೆ ಹೇಳಿದ್ಲು. ನಾನು ಹೇಳಿಕೊಂಡು ಬಂದದ್ದೆಲ್ಲ ಅವಳ ಮಾತು.”

ಲಾರಿಯೊಂದು ಹಾದುಹೋಗುವವರೆಗೆ ಅವನು ಕಾದನು.

“ಬಾಗಿಲು ತೆಗೆದ ಸದ್ದಾಯ್ತು. ಹುಡುಗಿ ಬದುಕಿದ್ದಾಳಾ ಅಂತ ಕೇಳಿದೆ. ಸ್ವಲ್ಪ ಹೊತ್ತು ನಿನ್ನಮ್ಮ ಮಾತಾಡ್ಲಿಲ್ಲ. ಆಮೇಲೆ, ಇದ್ದಾಳೆ, ಕಷಾಯ ಕೇಳ್ತಿದ್ದಾಳೆ ಅಂದ್ಲು. ನಾನು ಸಾವಿರ ಸುಳ್ಳು ಹೇಳಿದ್ದೇನೆ ಮಗಾ. ಇದೊಂದು ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ.”